ಊರಿಗೆಲ್ಲ ಒಂದೇ ಅಯಸ್ಕಾಂತ

ಜಯನಗರ, ಬನಶಂಕರಿಯ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಎಂಆರ್‌ಐ ಕೊಳವೆಯೊಳಗೆ ಮಲಗಿದವರ ಮೈಯಲ್ಲಿ ಯಂತ್ರ ಹುಡುಕುವುದು ನೀರು, ಕೊಬ್ಬಿನಲ್ಲಿರುವ ಹೈಡ್ರೋಜನ್ ನ್ಯೂಕ್ಲಿಯಸ್ಸನ್ನು. ಈ ವಿದ್ಯೆ ಬೆಂಗಳೂರಿಗೆ ಆಸ್ಪತ್ರೆಗಳ ಮೂಲಕ ಬಂದದ್ದಲ್ಲ. ಊರಿನ ಇನ್ನೊಂದು ತುದಿಯ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅದು ಎಂದೋ ಬೇರು ಬಿಟ್ಟಿತ್ತು.

ಅಮೆರಿಕದ ಬ್ಲಾಕ್ ಮತ್ತು ಪರ್ಸೆಲ್ ತಂಡಗಳು ಎಂಆರ್‌ಐಗೆ ಮೂಲವಾದ ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ಸಂಕೇತವನ್ನು, ಅಂದರೆ ಕಾಂತಕ್ಷೇತ್ರದಲ್ಲಿರುವ ನ್ಯೂಕ್ಲಿಯಸ್‌ಗಳು ರೇಡಿಯೊ ಅಲೆಗೆ ಕೊಡುವ ಉತ್ತರವನ್ನು, ಹಿಡಿದದ್ದು 1945-46ರಲ್ಲಿ. 1951ರಲ್ಲಿ ಇಲ್ಲಿನ ಜಿ. ಸೂರ್ಯನ್ ಹರಿಯುವ ದ್ರವದ ಮೇಲೆ ಅದೇ ಪ್ರಯೋಗ ನಡೆಸಿ ಪ್ರಬಂಧ ಪ್ರಕಟಿಸಿದರು. ರೇಡಿಯೊ ಅಲೆ ಜೋರಾದರೆ ನಿಂತ ನೀರಿನ ನ್ಯೂಕ್ಲಿಯಸ್‌ಗಳು ದಣಿದು ಸಂಕೇತ ಕುಂದುತ್ತದೆ. ನೀರು ಹರಿದರೆ ದಣಿಯದವು ಒಳಬಂದು ಅದು ಮತ್ತೆ ಏರುತ್ತದೆ. 1959ರಲ್ಲಿ ಅಮೆರಿಕದ ಜೆ.ಆರ್. ಸಿಂಗರ್ ಇಲಿಯ ಬಾಲದಲ್ಲಿ ರಕ್ತದ ಓಟ ಅಳೆದದ್ದೂ ಎನ್‌ಎಂಆರ್‌ನಿಂದಲೇ. ಸೂರ್ಯನ್ ಅವರ ಹೆಸರು ನಮ್ಮೂರಲ್ಲಿ ಇಷ್ಟು ಕಡಿಮೆ ಕೇಳಿಬರುವುದು ನ್ಯಾಯವಲ್ಲ.

ಆದರೆ ಒಬ್ಬರ ಜಾಣ್ಮೆ ಬೇರೆ, ಎಲ್ಲರಿಗೂ ಸಿಗುವ ಯಂತ್ರ ಬೇರೆ. ಎನ್‌ಎಂಆರ್ ಯಂತ್ರದ ಅತಿವಾಹಕ ಅಯಸ್ಕಾಂತವನ್ನು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿಸಿಯೇ ಇಡಬೇಕು. ಆ ಖರ್ಚನ್ನು ಯಾವ ಕಾಲೇಜು ಹೊತ್ತೀತು? 1977ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ಸಂಸ್ಥೆಯಲ್ಲಿ ‘ಸೊಫಿಸ್ಟಿಕೇಟೆಡ್ ಇನ್‌ಸ್ಟ್ರುಮೆಂಟ್ಸ್ ಫೆಸಿಲಿಟಿ’ ತೆರೆಯಿತು. ಹೆಸರು ಉದ್ದವಾಯಿತೆಂದು ಎಲ್ಲರೂ ಎಸ್‌ಐಎಫ್ ಎಂದರು. ಅಲ್ಲಿನ ಬ್ರೂಕರ್ ಡಬ್ಲ್ಯುಎಚ್-270 ಯಂತ್ರದ ಕಾಂತಕ್ಷೇತ್ರ ಸುಮಾರು 6.3 ಟೆಸ್ಲಾ, ಭೂಮಿಯದ್ದಕ್ಕಿಂತ ಲಕ್ಷಪಟ್ಟಿಗೂ ಹೆಚ್ಚು.

ಅದನ್ನು ಬಳಸಲು ಹೊರಗಿನ ರಸಾಯನ ವಿಜ್ಞಾನಿಗೆ ಬೇಕಾದದ್ದು ಇಷ್ಟೇ: ಪೆನ್ಸಿಲಿಗಿಂತ ತೆಳುವಾದ, 5 ಮಿಲಿಮೀಟರ್ ಗಾಜಿನ ಕೊಳವೆಯಲ್ಲಿ ಕೆಲವೇ ಮಿಲಿಗ್ರಾಂ ವಸ್ತು. ಅದನ್ನು ಕರಗಿಸುವ ಕ್ಲೋರೋಫಾರಂ ಕೂಡ ಮಾಮೂಲಿನದಲ್ಲ, ಹೈಡ್ರೋಜನ್ ಜಾಗದಲ್ಲಿ ಡ್ಯುಟೀರಿಯಂ ಇರುವಂಥದ್ದು. ಇಲ್ಲದಿದ್ದರೆ ದ್ರಾವಕದ ಗದ್ದಲದಲ್ಲಿ ವಸ್ತುವಿನ ದನಿಯೇ ಅಡಗಿಹೋಗುತ್ತದೆ. ಕೊಳವೆ ಯಂತ್ರದೊಳಗೆ ಇಳಿದು ತಿರುಗುತ್ತಿತ್ತು. ಉದ್ದನೆಯ ಕಾಗದದ ಮೇಲೆ ಗೆರೆ, ಅಂದರೆ ಸ್ಪೆಕ್ಟ್ರಂ, ಏಳುತ್ತಿತ್ತು. ಯಾವ ಪರಮಾಣುವಿನ ಪಕ್ಕ ಯಾವುದಿದೆ ಎಂಬುದನ್ನು ಆ ಗೆರೆಯಲ್ಲೇ ಓದಬೇಕಿತ್ತು.

ಯಂತ್ರದ ಜೊತೆಗೆ ಅದನ್ನು ಬಲ್ಲವರೂ ಬೇಕಲ್ಲ. ಎನ್‌ಎಂಆರ್ ತಜ್ಞ ಸಿ.ಎಲ್. ಖೇತ್ರಪಾಲ್ ಇದ್ದರು. ಸ್ವಿಟ್ಜರ್ಲೆಂಡಿನಲ್ಲಿ ರಿಚರ್ಡ್ ಅರ್ನ್‌ಸ್ಟ್ ಜೊತೆ ದುಡಿದ ಅನಿಲ್ ಕುಮಾರ್ ಬಂದರು. 1975ರಲ್ಲಿ ಅವರು, ವೆಲ್ಟಿ ಮತ್ತು ಅರ್ನ್‌ಸ್ಟ್ ಬರೆದ ಪ್ರಬಂಧ ಎಂಆರ್‌ಐ ಚಿತ್ರಣದ ತಳಹದಿಗಳಲ್ಲೊಂದು. ಅರ್ನ್‌ಸ್ಟ್‌ಗೆ 1991ರಲ್ಲಿ ನೊಬೆಲ್ ಬಂತು.

ಆ ಕಾಲದ ರಸಾಯನಶಾಸ್ತ್ರದ ಪ್ರಬಂಧಗಳ ಕೊನೆಯ ಪುಟ ತಿರುವಿದರೆ, ‘ಸ್ಪೆಕ್ಟ್ರಂ ಕೊಟ್ಟ ಬೆಂಗಳೂರಿನ ಎಸ್‌ಐಎಫ್‌ಗೆ ಕೃತಜ್ಞತೆ’ ಎಂಬ ಅರ್ಥದ ಸಾಲು ಸಿಗುತ್ತದೆ. ಆ ಯಂತ್ರ ಎಷ್ಟು ಜನರಿಗೆ ನೆರವಾಯಿತು ಎಂಬುದಕ್ಕೆ ವಾರ್ಷಿಕ ವರದಿಗಿಂತ ಆ ಸಾಲುಗಳನ್ನೇ ಹೆಚ್ಚು ನಂಬಬಹುದು. ಎಸ್‌ಐಎಫ್ ಈಗ ಎನ್‌ಎಂಆರ್ ಸಂಶೋಧನಾ ಕೇಂದ್ರವಾಗಿದೆ.