ಜ್ಞಾನಿಯ ಕರ್ಮ: ಶಂಕರರಿಂದ ವಿದ್ಯಾರಣ್ಯರವರೆಗೆ ಒಂದು ಪ್ರಶ್ನೆಯ ಚರಿತ್ರೆ

ಜ್ಞಾನವೆಂಬ ಅಗ್ನಿ ಸಕಲ ಕರ್ಮಗಳನ್ನೂ ಸುಡುತ್ತದೆ ಎಂಬುದು ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ ಅಭಿಪ್ರಾಯ. ಹಾಗಾದರೆ ಜ್ಞಾನ ಹುಟ್ಟಿದ ಕ್ಷಣವೇ ಜ್ಞಾನಿಯ ದೇಹ ಬಿದ್ದುಹೋಗಬೇಕಿತ್ತು; ದೇಹವೂ ಕರ್ಮದ ಫಲವೇ ತಾನೆ? ಆದರೆ ಆತ ಬದುಕಿರುತ್ತಾನೆ, ಉಣ್ಣುತ್ತಾನೆ, ಶಿಷ್ಯರಿಗೆ ಪಾಠ ಹೇಳುತ್ತಾನೆ. ವೇದಾಂತದಲ್ಲಿ ಕರ್ಮಸ್ವರೂಪದ ಚರ್ಚೆಗೆ ಬಿಗಿ ಬಂದದ್ದು ಬಹುಮಟ್ಟಿಗೆ ಈ ಇಕ್ಕಟ್ಟಿನಿಂದಲೇ.

ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯ ಒಂದು ದಾರಿ ತೋರಿಸಿತು. ಜ್ಞಾನದಿಂದ ನಾಶವಾಗುವುದು ಫಲ ಕೊಡಲು ಇನ್ನೂ ತೊಡಗದ ಕರ್ಮ ಮಾತ್ರ. ತೊಡಗಿರುವ ಪ್ರಾರಬ್ಧವನ್ನು ಅನುಭವಿಸಿಯೇ ತೀರಿಸಬೇಕು. ಶಂಕರರು ಇದಕ್ಕೆ ಕುಂಬಾರನ ಚಕ್ರದ ದೃಷ್ಟಾಂತ ಕೊಡುತ್ತಾರೆ: ಒಮ್ಮೆ ತಿರುಗಿಸಿದ ಚಕ್ರ ವೇಗ ತೀರುವವರೆಗೂ ಸುತ್ತುತ್ತದೆ. ಅವರಿಗೆ ಮುಖ್ಯವಾದದ್ದು ಕರ್ತೃತ್ವದ ಪ್ರಶ್ನೆ. ನಾನು ಮಾಡುತ್ತೇನೆಂಬ ಭಾವ ಹೋದಮೇಲೆ ಲೋಕಸಂಗ್ರಹಕ್ಕಾಗಿ ನಡೆಯುವುದು ಹೊರಗಿನವರಿಗೆ ಕರ್ಮವಾಗಿ ಕಂಡರೂ ಜ್ಞಾನಿಯ ಪಾಲಿಗೆ ಕರ್ಮವಲ್ಲ. ಜನಕನ ವಿಷಯದಲ್ಲಿ (ಗೀತೆ 3.20) ಅವರ ಎಚ್ಚರಿಕೆ ಗಮನಾರ್ಹ. ಜನಕ ಜ್ಞಾನಿಯಾಗಿದ್ದರೆ ಪ್ರಾರಬ್ಧವಶದಿಂದ ಲೋಕಸಂಗ್ರಹಕ್ಕಾಗಿ ಕರ್ಮದಲ್ಲಿದ್ದ; ಜ್ಞಾನಿಯಾಗಿರದಿದ್ದರೆ ಚಿತ್ತಶುದ್ಧಿಗಾಗಿ ಕರ್ಮ ಮಾಡಿದ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಜ್ಞಾನಕರ್ಮಸಮುಚ್ಚಯವಾದಕ್ಕೆ ರಾಜರ್ಷಿಯ ಸಾಕ್ಷ್ಯ ದೊರೆಯುವುದಿಲ್ಲ.

ಮಂಡನ ಮಿಶ್ರರ ಹಾದಿ ಬೇರೆ. ಗೀತೆಯ ಸ್ಥಿತಪ್ರಜ್ಞ ಸಿದ್ಧನಲ್ಲ, ಉನ್ನತ ಸ್ಥಿತಿಗೇರಿದ ಸಾಧಕ ಎಂಬುದು ‘ಬ್ರಹ್ಮಸಿದ್ಧಿ’ಯ ನಿಲುವು. ಸುರೇಶ್ವರರ ‘ನೈಷ್ಕರ್ಮ್ಯಸಿದ್ಧಿ’ಯಾದರೋ ಸಮುಚ್ಚಯವಾದವನ್ನು ಕಟುವಾಗಿ ಖಂಡಿಸುತ್ತದೆ. ಸಂಪ್ರದಾಯ ಇವರಿಬ್ಬರನ್ನೂ ಒಬ್ಬರೇ ಎಂದು ಹೇಳಿಕೊಂಡು ಬಂದಿದೆ. ಅದನ್ನು ಪ್ರಶ್ನಿಸಿದವರಲ್ಲಿ ಮೈಸೂರಿನ ಎಂ. ಹಿರಿಯಣ್ಣನವರೂ, 1937ರಲ್ಲಿ ಮದ್ರಾಸಿನಿಂದ ‘ಬ್ರಹ್ಮಸಿದ್ಧಿ’ಯನ್ನು ಸಂಪಾದಿಸಿ ಪ್ರಕಟಿಸಿದ ಎಸ್. ಕುಪ್ಪುಸ್ವಾಮಿ ಶಾಸ್ತ್ರಿಗಳೂ ಪ್ರಮುಖರು. ಗ್ರಂಥಗಳೊಳಗಿನ ಭಿನ್ನತೆಯನ್ನು ನೋಡಿದರೆ ಅವರ ವಾದವೇ ಬಲವಾಗಿ ತೋರುತ್ತದೆ.

ಅದ್ವೈತದ ಹೊರಗೆ ಉತ್ತರಗಳು ಇನ್ನಷ್ಟು ನೇರ. ದೇಹವಿರುವಾಗಲೇ ಮುಕ್ತಿ ಎನ್ನುವುದು ಸ್ವವಿರೋಧವೆಂದು ರಾಮಾನುಜರು ಶ್ರೀಭಾಷ್ಯದಲ್ಲಿ ತಳ್ಳಿಹಾಕಿದರು. ಮಾಧ್ವ ಸಿದ್ಧಾಂತದಲ್ಲಿ ಅಪರೋಕ್ಷಜ್ಞಾನಿಗೂ ಪ್ರಾರಬ್ಧವುಂಟು. ಆತನ ಕರ್ಮ ವ್ಯರ್ಥವಾಗದೆ ಮೋಕ್ಷದಲ್ಲಿ ಆನಂದವೃದ್ಧಿಗೆ ಕಾರಣವಾಗುತ್ತದೆ.

ಪ್ರಶ್ನೆಯನ್ನೇ ಬೇರೆ ನೆಲೆಗೆ ಕೊಂಡೊಯ್ದವರು ಹದಿನಾಲ್ಕನೆಯ ಶತಮಾನದ ಶೃಂಗೇರಿಯ ವಿದ್ಯಾರಣ್ಯರು. ಅವರ ‘ಜೀವನ್ಮುಕ್ತಿವಿವೇಕ’ ಜ್ಞಾನಿ ಕರ್ಮ ಮಾಡುತ್ತಾನೋ ಇಲ್ಲವೋ ಎಂಬಲ್ಲಿಗೆ ನಿಲ್ಲದೆ, ಜ್ಞಾನ ಬಂದಮೇಲೂ ಮನಸ್ಸು ಹೇಗಿದೆ ಎಂದು ಕೇಳುತ್ತದೆ. ಲಘುಯೋಗವಾಸಿಷ್ಠವನ್ನು ಧಾರಾಳವಾಗಿ ಬಳಸಿಕೊಂಡು ಅದು ತತ್ತ್ವಜ್ಞಾನದ ಜೊತೆಗೆ ವಾಸನಾಕ್ಷಯವನ್ನೂ ಮನೋನಾಶವನ್ನೂ ಬೇಡುತ್ತದೆ. ಯಾಜ್ಞವಲ್ಕ್ಯರೇ ಇದಕ್ಕೆ ನಿದರ್ಶನ. ಜನಕನ ಸಭೆಯಲ್ಲಿ ಗೋವುಗಳನ್ನು ಮೊದಲೇ ಹೊಡೆಸಿಕೊಂಡು ಹೋದ, ವಾದದಲ್ಲಿ ಎದುರಾಳಿಗಳನ್ನು ಮಣಿಸಿದ, ಶಾಕಲ್ಯನನ್ನು ಶಪಿಸಿದ ಆ ಋಷಿಯಲ್ಲಿ ಬ್ರಹ್ಮಜ್ಞಾನವಿತ್ತು, ವಿದ್ಯಾಮದವೂ ಇತ್ತು ಎಂದು ವಿದ್ಯಾರಣ್ಯರು ಅಳುಕದೆ ಬರೆಯುತ್ತಾರೆ. ಮುಂದೆ ಆತ ಮನೆ ಬಿಟ್ಟದ್ದು ವಿದ್ವತ್ಸಂನ್ಯಾಸ: ತಿಳಿವಿಗಾಗಿ ಅಲ್ಲ, ತಿಳಿದವನ ಚಿತ್ತವಿಶ್ರಾಂತಿಗಾಗಿ. ಪೀಠಪರಂಪರೆಯಲ್ಲಿ ಕುಳಿತ ವಿದ್ವಾಂಸರೊಬ್ಬರು ಉಪನಿಷತ್ತಿನ ಮಹಾಜ್ಞಾನಿಯನ್ನೇ ಹೀಗೆ ಪರೀಕ್ಷೆಗೆ ಒಡ್ಡಿದ್ದು ನಮ್ಮ ದರ್ಶನಚರಿತ್ರೆಯ ಬಹು ದೊಡ್ಡ ಪ್ರಾಮಾಣಿಕತೆ.

ಇಲ್ಲಿ ಆಕ್ಷೇಪವೊಂದು ಏಳುತ್ತದೆ. ಕರ್ತೃತ್ವ ಕಳೆದವನಿಗೆ ಮತ್ತೆ ಸಾಧನೆ ಎಲ್ಲಿಯದು? ವಿದ್ಯಾರಣ್ಯರು ಶಂಕರರನ್ನು ಬಿಟ್ಟು ಯೋಗದ ಕಡೆ ವಾಲಿದರೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಬೃಹದಾರಣ್ಯಕ ಭಾಷ್ಯದಲ್ಲಿ (1.4.7) ಶಂಕರರೇ ಪ್ರಾರಬ್ಧದ ಪ್ರವೃತ್ತಿ ಜ್ಞಾನಕ್ಕಿಂತ ಬಲವಾಗಿ ಎದ್ದುನಿಲ್ಲಬಹುದೆಂದು ಒಪ್ಪುತ್ತಾರೆ, ಆಗ ತ್ಯಾಗ ವೈರಾಗ್ಯಗಳ ಬಲದಿಂದ ಆತ್ಮಸ್ಮೃತಿಯ ಸಂತತಿಯನ್ನು ಕಾಪಾಡಿಕೊಳ್ಳಬೇಕೆನ್ನುತ್ತಾರೆ. ಭಾಷ್ಯಕಾರರು ಅಲ್ಲಿ ಹೇಳಿ ಮುಂದಕ್ಕೆ ಸಾಗಿದ ಮಾತನ್ನು ಶತಮಾನಗಳ ಬಳಿಕ ವಿದ್ಯಾರಣ್ಯರು ಐದು ಪ್ರಕರಣಗಳ ಗ್ರಂಥವಾಗಿ ಬೆಳೆಸಿದರು.