ಮಕ್ಕಳ ರಕ್ತದ ಕ್ಯಾನ್ಸರ್ ಮೆದುಳಿಗೆ ಹರಡುವಿಕೆ: ಚಿಕಿತ್ಸೆಯ ಚರಿತ್ರೆ, ಸಾವರ್ಡೆ ಸೀಮೆಯವರೆಗೆ

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಎಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯ. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಇದರ ಜೀವಕೋಶಗಳು ಮೆದುಳು ಮತ್ತು ಬೆನ್ನುಹುರಿಯನ್ನು ಸುತ್ತಿರುವ ಪೊರೆಗಳಲ್ಲಿ, ಅಲ್ಲಿ ಹರಿಯುವ ದ್ರವದಲ್ಲಿ ನೆಲೆಸಿದಾಗ ರೋಗ ಮೆದುಳಿಗೆ ಹರಡಿದೆ ಎನ್ನುತ್ತಾರೆ. ಬೆಳಗ್ಗೆ ಏಳುವಾಗಿನ ತಲೆನೋವು, ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ಮುಖದ ಒಂದು ಪಕ್ಕ ಸೊಟ್ಟಗಾಗುವುದು ಇದರ ಲಕ್ಷಣಗಳು. ಕೆಲವು ಮಕ್ಕಳಿಗೆ ಇದ್ದಕ್ಕಿದ್ದಂತೆ ವಿಪರೀತ ಹಸಿವಾಗುತ್ತದೆ. ಇನ್ನು ಕೆಲವರಲ್ಲಿ ಯಾವ ಸುಳಿವೂ ಇರುವುದಿಲ್ಲ. ಜನಪ್ರಿಯ ಬರಹಗಳಲ್ಲಿ ಇದನ್ನು ರೋಗದ ಕೊನೆಯ ಹಂತವೆಂದು ಹೇಳಿಬಿಡುವ ರೂಢಿಯಿದೆ. ಕಳೆದ ಏಳು ದಶಕಗಳ ದಾಖಲೆ ಆ ಮಾತನ್ನು ಒಪ್ಪುವುದಿಲ್ಲ. ಆದ್ದರಿಂದ ಈ ಲೇಖನ ರೋಗ ಮೆದುಳಿಗೆ ಯಾವಾಗ, ಯಾವ ದಾರಿಯಲ್ಲಿ ಹೋಗುತ್ತದೆ ಎಂಬ ಪ್ರಶ್ನೆಯ ಚರಿತ್ರೆಗೆ ಹೆಚ್ಚು ಜಾಗ ಕೊಟ್ಟಿದೆ.

ಆರಂಭದ ಕಥೆ ಬಹುವಾಗಿ ತಿಳಿದದ್ದೇ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯಂತೆ, ಅಮಿನಾಪ್ಟೆರಿನ್ ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳ ರೋಗ ತಾತ್ಕಾಲಿಕವಾಗಿ ಇಳಿಯಿತು. ಔಷಧಿಯನ್ನು ತಯಾರಿಸಿದ್ದು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಲೆಡರ್ಲೆ ಪ್ರಯೋಗಾಲಯ. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಫಾರ್ಬರ್‌ಗೆ ಸಂದ ಹೆಸರಿನಲ್ಲಿ ಅವರ ಪಾಲು ಬಹುಕಾಲ ಮರೆಯಲ್ಲೇ ಉಳಿಯಿತು. ಇದಕ್ಕೂ ಹಿಂದಿನ ಕೊಂಡಿ ಮುಂಬಯಿಯಲ್ಲಿದೆ. 1928ರಿಂದ ಅಲ್ಲಿನ ಜವಳಿ ಗಿರಣಿಗಳ ಗರ್ಭಿಣಿ ಕಾರ್ಮಿಕರ ರಕ್ತಹೀನತೆಯನ್ನು ಅಭ್ಯಸಿಸಿದ ಲೂಸಿ ವಿಲ್ಸ್ ಯೀಸ್ಟ್ ಸಾರದಲ್ಲಿ ಗುರುತಿಸಿದ ಗುಣಕಾರಿ ಅಂಶವೇ ಮುಂದೆ ಫೋಲಿಕ್ ಆಮ್ಲವೆಂದು ತಿಳಿದುಬಂತು. ಅಮಿನಾಪ್ಟೆರಿನ್ ತಡೆಯುವುದು ಆ ಆಮ್ಲದ ಕೆಲಸವನ್ನೇ.

ಹೊಸ ಔಷಧಿಗಳು ಒಂದೊಂದಾಗಿ ಬಂದವು. ಕಾಶಿಕಣಗಲೆ ಗಿಡದಿಂದ ತೆಗೆದ ವಿನ್‌ಕ್ರಿಸ್ಟಿನ್ 1960ರ ದಶಕದ ಮೊದಲ ಭಾಗದಲ್ಲಿ ಬಳಕೆಗೆ ಬಂತು. ಮಕ್ಕಳು ತಿಂಗಳುಗಳ ಬದಲು ವರ್ಷಗಟ್ಟಲೆ ಬದುಕತೊಡಗಿದರು. ಆಗಲೇ ವೈದ್ಯರನ್ನು ಕಂಗೆಡಿಸುವ ಸಂಗತಿಯೊಂದು ಕಂಡಿತು: ರಕ್ತವೂ ಮಜ್ಜೆಯೂ ಶುದ್ಧವಾಗಿರುವ ಮಗು ತಲೆನೋವೆಂದು ಬರುತ್ತಿತ್ತು, ಬೆನ್ನಿನ ನೀರಿನಲ್ಲಿ ರೋಗದ ಕೋಶಗಳು ಸಿಗುತ್ತಿದ್ದವು. 1960ರ ದಶಕ ಮುಗಿಯುವ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಹೀಗಾಗುತ್ತಿತ್ತು. ಹೊಸ ಔಷಧಿಗಳೇ ರೋಗವನ್ನು ಮೆದುಳಿಗೆ ತಳ್ಳುತ್ತಿವೆಯೇನೋ ಎಂದು ಸಂಶಯಪಟ್ಟವರೂ ಇದ್ದರು. ರೋಗದ ಸ್ವಭಾವವೇನೂ ಬದಲಾಗಿರಲಿಲ್ಲ. ಮೊದಲು ಮಕ್ಕಳು ಮೆದುಳಿನ ರೋಗ ಹೊರಬೀಳುವ ಮುಂಚೆಯೇ ಸಾಯುತ್ತಿದ್ದರು; ಈಗ ಅದು ಕಾಣುವಷ್ಟು ಕಾಲ ಬದುಕಿದರು. ರಕ್ತದಲ್ಲಿ ಹರಿಯುವ ಹೆಚ್ಚಿನ ಔಷಧಿಗಳನ್ನು ಮೆದುಳಿನ ರಕ್ತನಾಳಗಳ ಗೋಡೆ ಒಳಗೆ ಬಿಡುವುದಿಲ್ಲ, ಅಲ್ಲಿ ಸೇರಿಕೊಂಡ ಕೋಶಗಳು ಸುರಕ್ಷಿತವಾಗಿ ಉಳಿದುಬಿಡುತ್ತವೆ.

ಈ ತಿಳಿವನ್ನು ಚಿಕಿತ್ಸೆಯಾಗಿ ರೂಪಿಸಿದವರು ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯ ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್. ಆಸ್ಪತ್ರೆ 1962ರಲ್ಲಿ ತೆರೆಯಿತು. ರೋಗ ಪತ್ತೆಯಾದ ದಿನವೇ ಮೆದುಳಿನ ಪೊರೆಯಲ್ಲೂ ಕೋಶಗಳಿವೆ ಎಂದೇ ಭಾವಿಸಿ, ಲಕ್ಷಣ ಬರುವ ಮುಂಚೆ ಚಿಕಿತ್ಸೆ ಕೊಡಬೇಕು ಎಂಬುದು ಅವರ ನಿಲುವು. ಮೊದಲ ಅಧ್ಯಯನಗಳಲ್ಲಿ ಕೊಟ್ಟ ಕಡಿಮೆ ಪ್ರಮಾಣದ ವಿಕಿರಣ ಫಲ ಕೊಡಲಿಲ್ಲ. 1967ರ ಕೊನೆಗೆ ಆರಂಭವಾದ ಐದನೆಯ ಅಧ್ಯಯನದಲ್ಲಿ ತಲೆಗೆ 2,400 ರ‍್ಯಾಡ್ ವಿಕಿರಣ ಕೊಟ್ಟು, ಜೊತೆಗೆ ಬೆನ್ನಿನ ಮೂಲಕ ಮೆಥೋಟ್ರೆಕ್ಸೇಟ್ ಎಂಬ ಔಷಧಿ ಹಾಕಿದರು. ಸುಮಾರು ಅರ್ಧದಷ್ಟು ಮಕ್ಕಳು ಪೂರ್ತಿ ಗುಣವಾದರು. ಅನುಮಾನಿಸಿದವರಿಗೆ ಉತ್ತರವಾಗಿ ಬಂದದ್ದು ಆರನೆಯ ಅಧ್ಯಯನ: ವಿಕಿರಣವಿಲ್ಲದ ಗುಂಪಿನ ಅರ್ಧಕ್ಕೂ ಹೆಚ್ಚು ಮಕ್ಕಳ ಮೆದುಳಿನಲ್ಲಿ ರೋಗ ಮರುಕಳಿಸಿತು, ವಿಕಿರಣ ಪಡೆದವರಲ್ಲಿ ಅದು ತೀರಾ ವಿರಳವಾಗಿತ್ತು. ಈ ಚರಿತ್ರೆಯ ನಿಜವಾದ ತಿರುವು 1948ಕ್ಕಿಂತ ಇದೇ ಎಂದು ಹೇಳಲು ಸಾಕಷ್ಟು ಆಧಾರವಿದೆ. ಫಾರ್ಬರ್ ಆಯುಸ್ಸನ್ನು ಹಿಗ್ಗಿಸಿದರು; ಗುಣವಾಗುವ ಮಾತು ಬಂದದ್ದು ಮೆದುಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ.

ಕೋಶಗಳು ಯಾವ ದಾರಿಯಿಂದ ಹೋಗುತ್ತವೆ ಎಂಬುದು ಇನ್ನೂ ಚರ್ಚೆಯಲ್ಲಿದೆ. 1973ರಲ್ಲಿ ಪ್ರೈಸ್ ಮತ್ತು ಜಾನ್ಸನ್, ತೀರಿಕೊಂಡ ಮಕ್ಕಳ ಶವಪರೀಕ್ಷೆಯ ಆಧಾರದ ಮೇಲೆ, ರೋಗ ಮೊದಲು ನೆಲೆಸುವುದು ಮೆದುಳಿನ ತಿರುಳಿನಲ್ಲಲ್ಲ, ಪೊರೆಯ ಮೇಲ್ಪದರದ ಸಣ್ಣ ರಕ್ತನಾಳಗಳ ಸುತ್ತ ಎಂದು ತೋರಿಸಿದರು. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಇಲಿಗಳ ಮೇಲಿನ ಸಂಶೋಧನೆ ಇನ್ನೊಂದು ದಾರಿ ತೋರಿಸಿತು: ಬೆನ್ನುಮೂಳೆ, ತಲೆಬುರುಡೆಗಳ ಮಜ್ಜೆಯಿಂದ ಪೊರೆಗೆ ನೇರವಾಗಿ ಹೋಗುವ ರಕ್ತನಾಳಗಳ ಹೊರಮೈ ಹಿಡಿದು ಕೋಶಗಳು ತೆವಳುತ್ತವೆ, ರಕ್ತದೊಳಗೆ ಇಳಿಯಬೇಕೆಂದೇ ಇಲ್ಲ. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆಂಬುದು ತೀರ್ಮಾನವಾಗಿಲ್ಲ. ಹೆಚ್ಚಿನ ಮಕ್ಕಳಲ್ಲಿ ಹರಡುವಿಕೆ ಬಹು ಬೇಗನೆ ಆಗಿಹೋಗಿರುತ್ತದೆ ಎಂಬ ಪಿಂಕೆಲ್ ಅವರ ಊಹೆಗೆ ಮಾತ್ರ ಎರಡೂ ಬಲ ಕೊಡುತ್ತವೆ.

ಪತ್ತೆಯ ಕ್ರಮ ಮೇಲ್ನೋಟಕ್ಕೆ ಸರಳ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಮಂಡಿ ಎದೆಗೆ ತಾಗುವಂತೆ ಮಡಿಸಿ ಹಿಡಿಯುತ್ತಾರೆ. ಸೊಂಟದ ಕೆಳಭಾಗದಲ್ಲಿ ಎರಡು ಬೆನ್ನೆಲುಬುಗಳ ನಡುವೆ ಸೂಜಿ ಹೋಗುತ್ತದೆ. ತಿಳಿನೀರಿನಂಥ ದ್ರವ ಹನಿಹನಿಯಾಗಿ ಇಳಿಯುತ್ತದೆ. ಅದನ್ನು ವೇಗವಾಗಿ ತಿರುಗಿಸಿ, ಗಾಜಿನ ಮೇಲೆ ಇಳಿಸಿ, ಬಣ್ಣ ಹಾಕಿ ನೋಡುತ್ತಾರೆ. ಒಂದು ಮೈಕ್ರೊಲೀಟರ್‌ನಲ್ಲಿ 5 ಅಥವಾ ಹೆಚ್ಚು ಬಿಳಿಕೋಶಗಳಿದ್ದು ಅವುಗಳಲ್ಲಿ ರೋಗದ ಕೋಶ ಕಂಡರೆ ಮೆದುಳಿನ ರೋಗವೆಂದು ಲೆಕ್ಕ. ಮೊದಲ ಸೂಜಿಯಲ್ಲೇ ರಕ್ತ ಬೆರೆತರೆ ಮುಂದಿನ ಫಲಿತಾಂಶ ಕೆಡಬಹುದು ಎಂಬ ವರದಿ 2000ರಲ್ಲಿ ಬಂದ ಮೇಲೆ, ಅದನ್ನು ನುರಿತ ಕೈಯೇ ಮಾಡಬೇಕೆಂಬ ಒತ್ತಾಯ ಹೆಚ್ಚಿತು. ಇದೇ ಸೂಜಿಯಿಂದ ಬೆನ್ನಿಗೆ ಕೊಡುವ ಔಷಧಿಯ ಅಳತೆಯನ್ನು ಮಗುವಿನ ತೂಕ ನೋಡಿ ನಿರ್ಧರಿಸುವುದಿಲ್ಲ, ವಯಸ್ಸು ನೋಡಿ ನಿರ್ಧರಿಸುತ್ತಾರೆ. ಮೂರು ವರ್ಷ ತುಂಬುವಷ್ಟರಲ್ಲಿ ಈ ದ್ರವದ ಪ್ರಮಾಣ ಹೆಚ್ಚುಕಡಿಮೆ ದೊಡ್ಡವರಷ್ಟೇ ಆಗಿರುತ್ತದೆ. ರಕ್ತನಾಳಕ್ಕೆ ಮಾತ್ರ ಕೊಡಬೇಕಾದ ವಿನ್‌ಕ್ರಿಸ್ಟಿನ್ ಕೈತಪ್ಪಿ ಬೆನ್ನಿಗೆ ಹೋದರೆ ಹೆಚ್ಚುಕಡಿಮೆ ಸಾವೇ ಗತಿ. ಈ ಕಾರಣಕ್ಕೆ ವಿನ್‌ಕ್ರಿಸ್ಟಿನ್ ಮತ್ತು ಬೆನ್ನಿನ ಔಷಧಿ ಎರಡನ್ನೂ ಒಂದೇ ಟ್ರೇಯಲ್ಲಿ ಇಡಬಾರದೆಂಬ ಕಟ್ಟಳೆ ಬಂದಿದೆ.

ಮಕ್ಕಳನ್ನು ಉಳಿಸಿದ ವಿಕಿರಣವೇ ಮುಂದೆ ಚಿಂತೆಯಾಯಿತು. ಗುಣವಾದ ಮಕ್ಕಳು ಶಾಲೆಯಲ್ಲಿ ಹಿಂದೆ ಬಿದ್ದರು, ಕೆಲವರ ಬೆಳವಣಿಗೆ ಕುಂಠಿತವಾಯಿತು, ಕೆಲವರಿಗೆ ವರ್ಷಗಳ ನಂತರ ಮೆದುಳಿನಲ್ಲಿ ಹೊಸ ಗಡ್ಡೆ ಹುಟ್ಟಿತು. ಪ್ರಮಾಣ 2,400ರಿಂದ 1,800 ರ‍್ಯಾಡ್‌ಗೆ ಇಳಿಯಿತು. ವಿಕಿರಣವನ್ನು ಪೂರ್ತಿ ಕೈಬಿಟ್ಟ ಕೀರ್ತಿಯನ್ನು ಅನೇಕರು 2009ರ ಸೇಂಟ್ ಜೂಡ್ ವರದಿಗೆ ಸಲ್ಲಿಸುತ್ತಾರೆ. ಚಿಂಗ್-ಹಾನ್ ಪುಯಿ ತಂಡದ ಆ ವರದಿ ಎಲ್ಲ ಮಕ್ಕಳಿಗೂ ವಿಕಿರಣವಿಲ್ಲದ ಚಿಕಿತ್ಸೆಯನ್ನು ಸಮರ್ಥಿಸಿತು ನಿಜ. ಆದರೆ ಡಚ್ ವೈದ್ಯರು 1984ರಲ್ಲೇ ಹೆಚ್ಚಿನ ಅಪಾಯವಿಲ್ಲದ ಮಕ್ಕಳಿಗೆ ತಲೆಯ ವಿಕಿರಣ ಬಿಟ್ಟು, ಮೆದುಳಿಗೆ ಚೆನ್ನಾಗಿ ಇಳಿಯುವ ಡೆಕ್ಸಾಮೆಥಸೋನ್ ಮೇಲೆ ಭರವಸೆಯಿಟ್ಟಿದ್ದರು. ಒಳ್ಳೆಯ ಫಲವನ್ನು 1996ರಲ್ಲಿ ಪ್ರಕಟಿಸಿದರು. ಮೊದಲ ಹೆಜ್ಜೆ ಅವರದೆಂದು ದಾಖಲಿಸುವುದೇ ನ್ಯಾಯ.

ಆಯುಸ್ಸು ಹೆಚ್ಚಿದಂತೆ ಮೆದುಳಿನ ರೋಗ ಹೊರಬರುವ ಇದೇ ಬಗೆ ಮಕ್ಕಳ ಇನ್ನೊಂದು ಕ್ಯಾನ್ಸರ್ ಆದ ನ್ಯೂರೋಬ್ಲಾಸ್ಟೋಮದಲ್ಲೂ ಮರುಕಳಿಸಿದೆ. ಅದಕ್ಕೆಂದು ಮೆದುಳಿನ ದ್ರವಕ್ಕೇ ಕೊಡುವ ವಿಕಿರಣಶೀಲ ಔಷಧಿ ಒಂಬರ್ಟಮಾಬ್ ಬಗ್ಗೆ ಭಾರೀ ನಿರೀಕ್ಷೆಯಿತ್ತು. 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ, ಪುರಾವೆ ಸಾಲದೆಂದು 16–0 ಮತದಿಂದ ಹೇಳಿತು.

ಭಾರತದ ಅಧ್ಯಾಯ 1984ರಲ್ಲಿ ಆರಂಭವಾಗುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮ್ಯಾಗ್ರಾತ್ ಜೊತೆಗೂಡಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ, ದೆಹಲಿಯ ಏಮ್ಸ್ ಒಂದೇ ಕ್ರಮದ ಚಿಕಿತ್ಸೆಯನ್ನು ಅಳವಡಿಸಿಕೊಂಡವು; ಅದರ ಹೆಸರು ಎಂಸಿಪಿ-841. ಅದುವರೆಗೆ ನೂರರಲ್ಲಿ 20ಕ್ಕಿಂತ ಕಡಿಮೆಯಿದ್ದ ನಾಲ್ಕು ವರ್ಷಗಳ ರೋಗಮುಕ್ತ ಬದುಕು 45ರಿಂದ 60ಕ್ಕೆ ಏರಿತು. ತಲೆಯ ವಿಕಿರಣ ಈ ಕ್ರಮದ ಭಾಗವಾಗಿತ್ತು. ಪಶ್ಚಿಮ ಕೈಬಿಡುತ್ತಿದ್ದದ್ದನ್ನು ಭಾರತ ಹಿಡಿದುಕೊಂಡಿತೆಂಬ ಟೀಕೆ ಭಾಗಶಃ ಮಾತ್ರ ಸರಿ. ವಿಕಿರಣದ ಜಾಗದಲ್ಲಿ ಕೊಡುವ ಭಾರೀ ಪ್ರಮಾಣದ ಮೆಥೋಟ್ರೆಕ್ಸೇಟ್‌ಗೆ ರಕ್ತದಲ್ಲಿನ ಔಷಧಿ ಮಟ್ಟವನ್ನು ಮತ್ತೆ ಮತ್ತೆ ಅಳೆಯುವ ಸೌಕರ್ಯ ಬೇಕು, ಸೋಂಕು ತಡೆಯುವ ವಾರ್ಡು ಬೇಕು. 2016ರಲ್ಲಿ ಆರಂಭವಾದ ಭಾರತೀಯ ಬಹುಕೇಂದ್ರ ಅಧ್ಯಯನ ಐಸಿಐಸಿಎಲ್‌ಇ ಎಲ್ಲರಿಗೂ ತಲೆಯ ವಿಕಿರಣ ಕೊಡುವ ಪದ್ಧತಿ ಬಿಟ್ಟು ಅದನ್ನು ಆಯ್ದ ಗುಂಪುಗಳಿಗೆ ಸೀಮಿತಗೊಳಿಸಿತು. ಕರ್ನಾಟಕದಲ್ಲಿ ಇಂಥ ಮಕ್ಕಳ ಮುಖ್ಯ ಆಸರೆ 1973ರಲ್ಲಿ ಸ್ಥಾಪನೆಯಾಗಿ 1980ರಲ್ಲಿ ಪ್ರಾದೇಶಿಕ ಕೇಂದ್ರವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ.

ಇಂಥ ದೊಡ್ಡ ಕೇಂದ್ರಗಳಿಂದ ದೂರವಿರುವ ಊರುಗಳಿಗೆ ಒಂದು ಉದಾಹರಣೆ ದಕ್ಷಿಣ ಗೋವಾದ ಸಾವರ್ಡೆ, ಕಬ್ಬಿಣದ ಅದಿರಿನ ಸೀಮೆಯ ಪೇಟೆ. ಜುವಾರಿ ಹೊಳೆಯ ಆಚೆ ಕುಡಚಡೆ. ಗಣಿ, ಅದಿರು ಲಾರಿ, ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದ ಕನ್ನಡ ಕುಟುಂಬಗಳು ಇಲ್ಲಿ ನೆಲೆಸಿವೆ. 2012ರಲ್ಲಿ, ಮತ್ತೆ 2018ರಲ್ಲಿ ಗಣಿಗಾರಿಕೆ ನಿಂತಾಗ ಇವರ ದುಡಿಮೆಯೂ ನಿಂತಿತು. ಇಲ್ಲಿಂದ ಮಗುವನ್ನು ಮೊದಲು ಒಯ್ಯುವ ದೊಡ್ಡ ಸರ್ಕಾರಿ ಆಸ್ಪತ್ರೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು. 1842ರ ಪೋರ್ಚುಗೀಸ್ ವೈದ್ಯಶಾಲೆ ಅದರ ಮೂಲ. ಮುಂದಿನ ದಾರಿ ಎರಡು: ಕೊಂಕಣದ ಮೇಲೆ ಮುಂಬಯಿಗೆ, ಇಲ್ಲವೇ ಸಾವರ್ಡೆಯ ನಿಲ್ದಾಣದಿಂದಲೇ ದೂಧಸಾಗರ, ಲೋಂಡಾ ದಾಟಿ ಹುಬ್ಬಳ್ಳಿ, ಬೆಂಗಳೂರಿಗೆ. ಚಿಕಿತ್ಸೆ ಎರಡು ವರ್ಷ ಮೀರಿ ನಡೆಯುತ್ತದೆ. ಮನೆಯಲ್ಲೇ ನುಂಗುವ ಮಾತ್ರೆಗಳ ಕಾಲದಲ್ಲೂ ಬೆನ್ನಿನ ಸೂಜಿಗೆ ಆಗಾಗ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ಮಗು ಆಡಿಕೊಂಡಿರುವಾಗ ಕೂಲಿ ಬಿಟ್ಟು ಹೋಗುವುದು ಕಷ್ಟ, ಮೆದುಳಿನಲ್ಲಿ ರೋಗ ಮರುಕಳಿಸದಂತೆ ಕಾಯುವುದು ಮಾತ್ರ ಆ ಸೂಜಿಗಳೇ. ಕ್ಯಾನ್ಸರ್ ರೋಗಿಗಳಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿಯಿದೆ. ಮುಂಬಯಿಯಲ್ಲಿ 2006ರಿಂದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಕೇಂದ್ರಗಳು ಇಂಥ ಕುಟುಂಬಗಳಿಗೆ ಉಚಿತ ವಸತಿ ಕೊಡುತ್ತಿವೆ. ಮೆಂಫಿಸ್‌ನ ಆಸ್ಪತ್ರೆಯೊಡನೆ ಇವನ್ನು ಬೆರೆಸುವುದು ತಪ್ಪು, ಇದು ಭಾರತೀಯ ಸೇವಾಸಂಸ್ಥೆ. ಗೋವಾದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ 2016ರಲ್ಲಿ ಜಾರಿಯಾಯಿತು. ಅದರ ಕಾರ್ಡಿಗೆ ಗೋವಾದಲ್ಲಿ ಐದು ವರ್ಷ ವಾಸವಾಗಿರಬೇಕು. ಅಷ್ಟು ಕಾಲ ತುಂಬದ ಕುಟುಂಬಗಳ ಪಾಲಿಗೆ ಉಳಿಯುವುದು 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕದಂಥ ತವರು ರಾಜ್ಯದ ಯೋಜನೆ, ಮತ್ತು ಘಟ್ಟ ಹತ್ತುವ ರೈಲು.