ವಿಂಡೋಸ್ ಅಪ್‌ಡೇಟ್ ಅರ್ಧಕ್ಕೇ ನಿಂತಿದ್ಯಾ? ಫಾರ್ಮ್ಯಾಟ್ ಹೊಡೆಸೋ ಮೊದಲು ಇಷ್ಟು ಮಾಡಿ ನೋಡಿ

ಬೆಳಗ್ಗೆ ಅಂಗಡಿ ಶಟರ್ ಎತ್ತಿ, ದೇವರಿಗೆ ಊದುಬತ್ತಿ ಹಚ್ಚಿ ಕಂಪ್ಯೂಟರ್ ಆನ್ ಮಾಡಿದರೆ ಪರದೆ ಮೇಲೆ ‘ವರ್ಕಿಂಗ್ ಆನ್ ಅಪ್‌ಡೇಟ್ಸ್ 30%’ ಅಂತ ಬಂದು ನಿಂತಿರುತ್ತೆ. ಬಿಲ್ ಹಾಕೋಕೆ ಆಗಲ್ಲ, ಟ್ಯಾಲಿ ತೆರೆಯಲ್ಲ. ಗಾಬರಿಯಲ್ಲಿ ಸ್ವಿಚ್ ಆಫ್ ಮಾಡಿ ರಿಪೇರಿಗೆ ಒಯ್ದರೆ ಎಷ್ಟೋ ಸಲ ಬರೋ ಮೊದಲ ಮಾತು, ‘ಫಾರ್ಮ್ಯಾಟ್ ಹೊಡಿಬೇಕು’.

ಫಾರ್ಮ್ಯಾಟ್ ಆದರೆ ಸಿ ಡ್ರೈವ್‌ನಲ್ಲಿ ಇದ್ದದ್ದೆಲ್ಲ ಹೋಗುತ್ತೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಸಾಮಾನ್ಯವಾಗಿ ಇರೋದು ಅಲ್ಲೇ. ಉದ್ರಿ ಲೆಕ್ಕ, ಜಿಎಸ್‌ಟಿ ಬಿಲ್, ನುಡಿಯಲ್ಲಿ ಟೈಪ್ ಮಾಡಿಟ್ಟ ಅರ್ಜಿ, ಮಕ್ಕಳ ಫೋಟೊ ಎಲ್ಲ ಒಟ್ಟಿಗೆ ಹೋಗುತ್ತವೆ. ಆದರೆ ಅಪ್‌ಡೇಟ್ ನಿಲ್ಲೋಕೆ ಇರೋ ಸಾಮಾನ್ಯ ಕಾರಣಗಳಿಗೆ ಫಾರ್ಮ್ಯಾಟ್ ಬೇಕಾಗೋದೇ ಇಲ್ಲ. ಮಾಡಬೇಕಾದ ಕೆಲಸ ಕ್ರಮವಾಗಿ ಇಲ್ಲಿದೆ.

ಪರದೆ ಮೇಲೆ ಶೇಕಡಾ ಲೆಕ್ಕ ನಿಂತಿದ್ದರೆ

ಮೊದಲು ಸಿಪಿಯು ಡಬ್ಬದ ಮುಂದಿರೋ ಸಣ್ಣ ಹಾರ್ಡ್‌ಡಿಸ್ಕ್ ಲೈಟ್ ನೋಡಿ. ಅದು ಮಿನುಗುತ್ತಿದ್ದರೆ ಒಳಗೆ ಕೆಲಸ ನಡೀತಿದೆ ಅಂತ ಅರ್ಥ, ಆಫ್ ಮಾಡಬೇಡಿ. ಹಳೇ ಹಾರ್ಡ್‌ಡಿಸ್ಕ್ ಇರೋ ಕಂಪ್ಯೂಟರ್‌ನಲ್ಲಿ ದೊಡ್ಡ ಅಪ್‌ಡೇಟ್‌ಗೆ ಎರಡು ಮೂರು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಕರೆಂಟ್ ಹೋಗೋ ಹೊತ್ತು ಗೊತ್ತಿದ್ದರೆ ಆ ಸಮಯದಲ್ಲಿ ಅಪ್‌ಡೇಟ್ ಶುರು ಮಾಡಲೇಬೇಡಿ.

ಹಲವು ಗಂಟೆಯಾದರೂ ಲೆಕ್ಕ ಮುಂದೆ ಹೋಗಿಲ್ಲ, ಲೈಟೂ ಅಲುಗುತ್ತಿಲ್ಲ ಅಂದರೆ ಮಾತ್ರ ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಿ. ‘ಅನ್‌ಡೂಯಿಂಗ್ ಚೇಂಜಸ್’ ಅಂತ ಬಂದರೆ ವಿಂಡೋಸ್ ತಾನೇ ಹಳೇ ಸ್ಥಿತಿಗೆ ಮರಳುತ್ತಿದೆ. ಅದಕ್ಕೂ ಸಮಯ ಕೊಡಿ.

ಎರಡು ಮೂರು ಸಲವೂ ಡೆಸ್ಕ್‌ಟಾಪ್ ಬರದಿದ್ದರೆ ವಿಂಡೋಸ್ ರಿಕವರಿ ಪರದೆ ತೆರೆಯುತ್ತೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಒತ್ತಿ ‘ಲೇಟೆಸ್ಟ್ ಕ್ವಾಲಿಟಿ ಅಪ್‌ಡೇಟ್’ ತೆಗೆಯಬಹುದು. ಇದರಿಂದ ನಿಮ್ಮ ಫೈಲ್ ಅಳಿಸಲ್ಲ. ಕೆಲವು ಹೊಸ ಲ್ಯಾಪ್‌ಟಾಪ್‌ಗಳು ಈ ಹಂತದಲ್ಲಿ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತವೆ. ಅದು ಸಾಮಾನ್ಯವಾಗಿ ಲ್ಯಾಪ್‌ಟಾಪ್ ಸೆಟ್ ಮಾಡುವಾಗ ಹಾಕಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತೆ. ಆ ಖಾತೆ ನಿಮ್ಮದೋ, ಸೆಟ್ ಮಾಡಿಕೊಟ್ಟವರದೋ ಅಂತ ಇವತ್ತೇ ನೋಡಿ, ಕೀಯನ್ನು ಹಾಳೆ ಮೇಲೆ ಬರೆದಿಡಿ.

ಡೆಸ್ಕ್‌ಟಾಪ್ ಬಂದ ತಕ್ಷಣ ಮೊದಲ ಕೆಲಸ

ಬೇರೇನೂ ಮುಟ್ಟೋ ಮೊದಲು ಡೇಟಾ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಬ್ಯಾಕಪ್ ಆಯ್ಕೆ ಬರುತ್ತೆ. ಕಾಪಿ ಆದಮೇಲೆ ಪೆನ್‌ಡ್ರೈವ್ ತೆಗೆದು ಗಲ್ಲಾ ಪೆಟ್ಟಿಗೆಯಲ್ಲಿಡಿ. ಕಂಪ್ಯೂಟರ್‌ಗೇ ಚುಚ್ಚಿಟ್ಟ ಪೆನ್‌ಡ್ರೈವ್ ಬ್ಯಾಕಪ್ ಅಲ್ಲ.

ಆಮೇಲೆ ಒಂದೊಂದೇ ನೋಡಿ

1. ಜಾಗ ಇದೆಯಾ? ಸಿ ಡ್ರೈವ್ ಕೆಂಪು ತೋರಿಸುತ್ತಿದ್ದರೆ ಅಪ್‌ಡೇಟ್ ಆಗಲ್ಲ. ವರ್ಷಕ್ಕೊಮ್ಮೆ ಬರೋ ದೊಡ್ಡ ಅಪ್‌ಡೇಟ್‌ಗೆ 20 ಜಿಬಿ ಖಾಲಿ ಇದ್ದರೆ ಒಳ್ಳೇದು. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್‌ಗೆ ಹೋಗಿ ಕಸ ತೆಗೆಯಿರಿ. ಅಲ್ಲಿ ‘ಡೌನ್‌ಲೋಡ್ಸ್’ ಮುಂದೆ ಟಿಕ್ ಇದ್ದರೆ ತೆಗೆದುಬಿಡಿ, ಇಲ್ಲಾಂದ್ರೆ ಅದರಲ್ಲಿರೋ ಬಿಲ್ಲುಗಳೂ ಹೋಗುತ್ತವೆ. ಝೀರೋ ಎಕ್ಸ್ 80070070 ಅನ್ನೋ ಎರರ್ ಬಂದರೆ ಅದರ ಅರ್ಥವೇ ಜಾಗ ಸಾಲದು ಅಂತ.

2. ನೆಟ್ ಸರಿ ಇದೆಯಾ? ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನದ ಪ್ಯಾಕ್ ಮುಗಿದರೆ ಡೌನ್‌ಲೋಡ್ ಅರ್ಧಕ್ಕೆ ನಿಲ್ಲುತ್ತೆ. ವೈಫೈ ಸೆಟ್ಟಿಂಗ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಆನ್ ಇದ್ದರೂ ಬಹಳಷ್ಟು ಅಪ್‌ಡೇಟ್ ತಾನಾಗಿ ಇಳಿಯಲ್ಲ. ಬ್ರಾಡ್‌ಬ್ಯಾಂಡ್ ಇರೋ ಕಡೆ ಒಂದು ಸಲ ಒಯ್ದು ಮಾಡಿ.

3. ತಾರೀಕು ಸರಿ ಇದೆಯಾ? ಹಳೇ ಕಂಪ್ಯೂಟರ್‌ನಲ್ಲಿ ದಿನಾ ತಾರೀಕು ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ಶೆಲ್ ಮುಗಿದಿದೆ. ತಾರೀಕು ತಪ್ಪಿದ್ದರೆ ಮೈಕ್ರೋಸಾಫ್ಟ್ ಸರ್ವರ್ ಜೊತೆ ಸುರಕ್ಷಿತ ಸಂಪರ್ಕವೇ ಆಗಲ್ಲ. ಸಾಮಾನ್ಯವಾಗಿ ಹಾಕಿರೋದು ಸಿಆರ್ 2032 ಅನ್ನೋ ನಾಣ್ಯದಂಥ ಶೆಲ್. ಬೆಲೆ ತೀರಾ ಕಡಿಮೆ.

4. ವಿಂಡೋಸ್‌ಗೇ ಹೇಳಿ ನೋಡಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಟ್ರಬಲ್‌ಶೂಟ್, ಅದರ್ ಟ್ರಬಲ್‌ಶೂಟರ್ಸ್‌ನಲ್ಲಿ ‘ವಿಂಡೋಸ್ ಅಪ್‌ಡೇಟ್’ ಮುಂದಿನ ರನ್ ಒತ್ತಿ. ವಿಂಡೋಸ್ 10ರಲ್ಲಿ ಇದು ‘ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ’ ಒಳಗಿದೆ.

5. ಕೆಟ್ಟ ಡೌನ್‌ಲೋಡ್ ಅಳಿಸಿ. ಸ್ಟಾರ್ಟ್‌ನಲ್ಲಿ ‘ಸರ್ವೀಸಸ್’ ಹುಡುಕಿ ತೆರೆದು, ವಿಂಡೋಸ್ ಅಪ್‌ಡೇಟ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟಾಪ್ ಕೊಡಿ. ನಂತರ ಸಿ ಡ್ರೈವ್, ವಿಂಡೋಸ್, ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್, ಡೌನ್‌ಲೋಡ್ ಫೋಲ್ಡರ್ ಒಳಗಿರೋದನ್ನ ಅಳಿಸಿ ರೀಸ್ಟಾರ್ಟ್ ಮಾಡಿ. ಇಲ್ಲಿ ಇರೋದು ಇಳಿಸಿಕೊಂಡ ಅಪ್‌ಡೇಟ್ ಫೈಲ್ ಮಾತ್ರ, ನಿಮ್ಮದೇನೂ ಇರಲ್ಲ. ಅಪ್‌ಡೇಟ್ ಮತ್ತೆ ಮೊದಲಿಂದ ಇಳಿಯುತ್ತೆ.

6. ವಿಂಡೋಸ್ ಫೈಲ್ ಕೆಟ್ಟಿದೆಯಾ? ಕಮಾಂಡ್ ಪ್ರಾಂಪ್ಟನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಗಿ ತೆರೆದು, ಇಂಗ್ಲಿಷ್‌ನಲ್ಲಿ ಎಸ್‌ಎಫ್‌ಸಿ, ಒಂದು ಸ್ಪೇಸ್, ಮುಂದಕ್ಕೆ ವಾಲಿದ ಸ್ಲ್ಯಾಶ್, ಅದಕ್ಕೆ ಅಂಟಿಸಿ ಸ್ಕ್ಯಾನ್‌ನೌ ಅಂತ ಒಂದೇ ಪದವಾಗಿ ಟೈಪ್ ಮಾಡಿ ಎಂಟರ್ ಒತ್ತಿ. ಕೆಟ್ಟ ಸಿಸ್ಟಮ್ ಫೈಲ್ ಇದ್ದರೆ ಸರಿ ಮಾಡಲು ನೋಡುತ್ತೆ.

ಅಪ್‌ಡೇಟ್ ಆದಮೇಲೆ ಪ್ರಿಂಟರ್ ನಿಂತರೆ

ಪ್ರಿಂಟರ್ ಕಂಪನಿಯ ವೆಬ್‌ಸೈಟ್‌ನಿಂದ ಡ್ರೈವರ್ ಮತ್ತೆ ಹಾಕಿ ನೋಡಿ. ಆಗದಿದ್ದರೆ ಅಪ್‌ಡೇಟ್ ಹಿಸ್ಟರಿಗೆ ಹೋಗಿ ಆ ಅಪ್‌ಡೇಟ್ ಒಂದನ್ನೇ ಅನ್‌ಇನ್‌ಸ್ಟಾಲ್ ಮಾಡಿ. ದೊಡ್ಡ ಅಪ್‌ಡೇಟ್ ಆಗಿದ್ದರೆ ಹಳೇದಕ್ಕೆ ಮರಳಲು 10 ದಿನ ಅವಕಾಶ ಇರುತ್ತೆ. ಅಷ್ಟರಲ್ಲಿ ಟೆಂಪರರಿ ಫೈಲ್ಸ್‌ನಲ್ಲಿ ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್’ ಅಳಿಸಿದರೆ ಆ ದಾರಿ ಮುಚ್ಚುತ್ತೆ.

ಜಿಎಸ್‌ಟಿ ತಾರೀಕಿನ ಹೊತ್ತಿಗೇ ಯಾಕೆ ಬರುತ್ತೆ?

ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುತ್ತೆ. ನಮ್ಮಲ್ಲಿ ಆಗ ರಾತ್ರಿ ಆಗಿರೋದರಿಂದ ಅದು ಕಾಣಿಸೋದು ಬುಧವಾರದಿಂದ ಈಚೆಗೆ, ಅಂದರೆ 9ರಿಂದ 15ನೇ ತಾರೀಕಿನ ಒಳಗೆ. ತಿಂಗಳ ರಿಟರ್ನ್ ಹಾಕೋರಿಗೆ ಜಿಎಸ್‌ಟಿಆರ್-1 ಕೊನೆ ದಿನ 11. ಹಾಗಾಗಿ 8ನೇ ತಾರೀಕು ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಒಂದು ವಾರ ‘ಪಾಸ್’ ಕೊಟ್ಟು, ರಿಟರ್ನ್ ಹಾಕಿದ ಮೇಲೆ ವಾರದ ರಜೆ ದಿನ ಅಪ್‌ಡೇಟ್ ಮಾಡಿ. ‘ಆ್ಯಕ್ಟಿವ್ ಅವರ್ಸ್’ನಲ್ಲಿ ಅಂಗಡಿ ಸಮಯ ಹಾಕಿದರೆ ವ್ಯಾಪಾರದ ಮಧ್ಯೆ ತಾನೇ ರೀಸ್ಟಾರ್ಟ್ ಆಗಲ್ಲ. ಆದರೆ ಅಪ್‌ಡೇಟ್ ಶಾಶ್ವತವಾಗಿ ಬಂದ್ ಮಾಡಿಸಬೇಡಿ. ಬ್ಯಾಂಕ್ ವ್ಯವಹಾರ ನಡೆಯೋದು ಅದೇ ಕಂಪ್ಯೂಟರ್‌ನಲ್ಲಿ.

ಇನ್ನೂ ವಿಂಡೋಸ್ 10 ಇದ್ದರೆ

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಮನೆ ಬಳಕೆಯ ಕಂಪ್ಯೂಟರ್‌ಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡೋದಾಗಿ ಕಂಪನಿ ಘೋಷಿಸಿದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಇದಕ್ಕೆ ದುಡ್ಡು ಕೊಡಬೇಕಿಲ್ಲ. ವಿಂಡೋಸ್ 11ಕ್ಕೆ ಹೋಗಲು ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಇರಬೇಕು.

ರಿಪೇರಿಗೆ ಕೊಡಲೇಬೇಕಾದರೆ

* ಡೇಟಾ ಬೇರೆ ಡಿಸ್ಕ್‌ಗೆ ತೆಗೆದು, ನಿಮ್ಮ ಮುಂದೆ ತೆರೆದು ತೋರಿಸಿದ ಮೇಲೆಯೇ ಫಾರ್ಮ್ಯಾಟ್ ಅಂತ ಮೊದಲೇ ಹೇಳಿ. ಆನ್ ಆಗದ ಕಂಪ್ಯೂಟರ್‌ನಿಂದಲೂ ಡಿಸ್ಕ್ ಚೆನ್ನಾಗಿದ್ದರೆ ಡೇಟಾ ತೆಗೆಯಬಹುದು. ಬಿಟ್‌ಲಾಕರ್ ಇದ್ದರೆ ಮಾತ್ರ ಆ ಕೀ ಬೇಕೇ ಬೇಕು.
* ಎಸ್‌ಎಫ್‌ಸಿ, ಡಿಐಎಸ್‌ಎಂ ಎರಡೂ ಮಾಡಿ ನೋಡಿದ್ದೀರಾ ಅಂತ ಕೇಳಿ.
* ಟ್ಯಾಲಿ ಲೈಸೆನ್ಸ್ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ.

ಬ್ರೌಸರ್‌ನಲ್ಲಿ ‘ನಿಮ್ಮ ವಿಂಡೋಸ್ ಕೆಟ್ಟಿದೆ, ಈ ನಂಬರ್‌ಗೆ ಕರೆ ಮಾಡಿ’ ಅಂತ ಬಂದರೆ ಅದು ಅಪ್‌ಡೇಟ್ ಅಲ್ಲ, ಮೋಸ. ಕರೆ ಮಾಡಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ.